ಕಿಕ್ ಹೋದ ಮೇಲೆ ಮುಳ್ಳಾದರೂ ಬೇಕು

2021ರಲ್ಲಿ ಹೊಸ ಕ್ಲಾಸಿಕ್ 350 ಬೈಕ್ ರಸ್ತೆಗಿಳಿದಾಗ ಅದರಲ್ಲಿ ಕಿಕ್ ಸ್ಟಾರ್ಟ್ ಇರಲಿಲ್ಲ. 2023ರಲ್ಲಿ ಬುಲೆಟ್‌ನಿಂದಲೂ ಅದು ಹೋಯಿತು. ಒದ್ದು ಸ್ಟಾರ್ಟ್ ಮಾಡುವುದೇ ಬುಲೆಟ್‌ನ ಗತ್ತು ಎಂದುಕೊಂಡು ಬೆಳೆದವರಿಗೆ ಬೇಸರವಾಯಿತು. ಗತ್ತಿನ ಮಾತು ಹಾಗಿರಲಿ, ಕಿಕ್ ಇದ್ದಷ್ಟು ಕಾಲ ಬ್ಯಾಟರಿ ಕೈಕೊಟ್ಟರೆ ಕಾಲು ಕಾಪಾಡುತ್ತಿತ್ತು. ಈಗ ಬಟನ್ ಒತ್ತಿದಾಗ ಟಿಕ್ ಟಿಕ್ ಎಂದು ಸದ್ದಾಗಿ ನಿಂತರೆ ಅಲ್ಲಿಗೆ ಮುಗಿಯಿತು. ತಳ್ಳಿ ಸ್ಟಾರ್ಟ್ ಮಾಡೋಣವೆಂದರೆ ಇಂಜೆಕ್ಷನ್ ಇರುವ ಬೈಕಿನಲ್ಲಿ ಪೆಟ್ರೋಲ್ ಪಂಪ್‌ಗೂ ಕರೆಂಟ್ ಬೇಕು, ಇಂಜಿನ್ ನಿಯಂತ್ರಿಸುವ ಇಸಿಯುಗೂ ಬೇಕು. ಬ್ಯಾಟರಿ ಪೂರ್ತಿ ಇಳಿದಿದ್ದರೆ ಎಷ್ಟು ದೂರ ತಳ್ಳಿದರೂ ಬೆವರಷ್ಟೇ ಲಾಭ.

ಬ್ಯಾಟರಿಯ ಮೇಲಿನ ಹೊರೆಯೂ ಮೊದಲಿನಂತಿಲ್ಲ. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಹಗಲಲ್ಲೂ ಉರಿಯಬೇಕೆಂಬ ನಿಯಮ ಬಂತು. ಎದುರಿನವರಿಗೆ ಬೈಕ್ ಕಾಣಬೇಕು ಎಂಬ ಉದ್ದೇಶದ ಒಳ್ಳೆಯ ನಿಯಮ ಅದು, ನನ್ನ ತಕರಾರಿಲ್ಲ. ಅದರ ಮೇಲೆ ಮೊಬೈಲ್ ಚಾರ್ಜರ್, ಫಾಗ್ ಲೈಟ್, ಜೋರು ಹಾರ್ನ್ ಎಂದು ನಾವೇ ಸೇರಿಸಿದ್ದು ಬೇರೆ. ಇಷ್ಟೆಲ್ಲ ಹೊರುವ ಬ್ಯಾಟರಿ ಇವತ್ತು ಹೇಗಿದೆ ಎಂದು ಹೇಳುವ ಮೀಟರ್ ಮಾತ್ರ ಬಹಳಷ್ಟು ಬೈಕುಗಳಲ್ಲಿ ಇಲ್ಲ. ಕೆಲವದರಲ್ಲಿ ಒಂದು ಕೆಂಪು ದೀಪ ಇರುತ್ತದೆ. ಅದಕ್ಕೆ ಬರುವುದು ಎರಡೇ ಮಾತು: ಸರಿ ಇದೆ, ಕೆಟ್ಟಿದೆ. ಸರಿ ಇರುವಲ್ಲಿಂದ ಕೆಡುವ ತನಕದ ದಾರಿ ವಾರಗಟ್ಟಲೆ ಇರುತ್ತದೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಆ ದಾರಿಯಲ್ಲಿ ಈಗ ಎಲ್ಲಿದ್ದೇವೆ ಎಂದು ದೀಪಕ್ಕೆ ಹೇಳಲು ಬರುವುದಿಲ್ಲ, ಮುಳ್ಳಿಗೆ ಬರುತ್ತದೆ. ಆದ್ದರಿಂದ ದಿನಾ ಬೈಕ್ ಓಡಿಸುವ ಪ್ರತಿಯೊಬ್ಬರೂ ಒಂದು ವೋಲ್ಟ್ ಮೀಟರ್ ಹಾಕಿಕೊಳ್ಳಬೇಕು, ಸಾಧ್ಯವಾದರೆ ಮನೆಯಲ್ಲಿ ತಮ್ಮ ಕೈಯಾರೆ ಹಾಕಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹಳೆಯ ಬುಲೆಟ್ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಡ್‌ಲೈಟಿನ ಮೇಲಿನ ಕವಚದಲ್ಲಿ, ಸ್ಪೀಡೋಮೀಟರಿನ ಜೊತೆಯಲ್ಲೇ, ಒಂದು ಪುಟ್ಟ ಆಂಪಿಯರ್ ಮೀಟರ್ ಇರುತ್ತಿತ್ತು. ನಡುವೆ ಸೊನ್ನೆ, ಒಂದು ಕಡೆ ಪ್ಲಸ್, ಇನ್ನೊಂದು ಕಡೆ ಮೈನಸ್. ಬ್ಯಾಟರಿಗೆ ಕರೆಂಟ್ ಹೋಗುತ್ತಿದ್ದರೆ ಮುಳ್ಳು ಪ್ಲಸ್ ಕಡೆಗೆ, ಬ್ಯಾಟರಿಯಿಂದ ಖರ್ಚಾಗುತ್ತಿದ್ದರೆ ಮೈನಸ್ ಕಡೆಗೆ. ಸ್ಟಾರ್ಟ್ ಮಾಡುವುದನ್ನು ಕಲಿಸುತ್ತಿದ್ದುದೂ ಆ ಮುಳ್ಳೇ. ಕೀ ತಿರುಗಿಸಿ ಕಿಕ್ಕನ್ನು ಮೆಲ್ಲಗೆ ಒತ್ತುತ್ತ ಹೋದರೆ ಮುಳ್ಳು ಮೈನಸ್ ಕಡೆ ವಾಲಿಕೊಂಡಿರುತ್ತದೆ. ಸಿ.ಬಿ. (ಕಾಂಟ್ಯಾಕ್ಟ್ ಬ್ರೇಕರ್) ಪಾಯಿಂಟ್ ತೆರೆದುಕೊಂಡ ಕ್ಷಣ ಮುಳ್ಳು ನಡುವಿಗೆ ಬರುತ್ತದೆ. ಪಿಸ್ಟನ್ ಮೇಲಕ್ಕೆ ಬಂದು ಕೂತಿದೆ ಎಂದು ಅದರ ಅರ್ಥ. ಆಗ ಡಿಕಂಪ್ರೆಷನ್ ಲಿವರ್ ಎಳೆದು ಕಿಕ್ಕನ್ನು ಇನ್ನೊಂದಿಷ್ಟು ಇಳಿಸಿ, ಲಿವರ್ ಬಿಟ್ಟು, ಒಂದೇ ಒದೆತ. ಮುಳ್ಳು ನೋಡದೆ ಒದ್ದವರ ಮೊಣಕಾಲಿಗೆ ಕಿಕ್ ತಿರುಗಿ ಹೊಡೆದ ಕಥೆ ಮಲೆನಾಡಿನ ಪ್ರತಿ ಊರಿನಲ್ಲೂ ಸಿಗುತ್ತದೆ. ಅಪ್ಪಂದಿರು ಮಕ್ಕಳಿಗೆ ಬುಲೆಟ್ ಕಲಿಸುವಾಗ ಕ್ಲಚ್ಚು ಗೇರಿಗಿಂತ ಮೊದಲು ತೋರಿಸುತ್ತಿದ್ದದ್ದು ಆ ಮೀಟರನ್ನು. ಇಂಜಿನ್ನಿನ ಒಳಗೆ ಏನಾಗುತ್ತಿದೆ ಎಂದು ಹೊರಗಿನ ಮುಳ್ಳಿನಿಂದ ತಿಳಿದುಕೊಳ್ಳುವ ಅಭ್ಯಾಸ ಒಂದು ತಲೆಮಾರಿಗೆ ಹೀಗೆ ಬಂತು.

ಆಂಪಿಯರ್ ಮೀಟರನ್ನೇ ಮತ್ತೆ ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ಮನೆಯಲ್ಲಿ ಮಾಡುವ ಕೆಲಸಕ್ಕೆ ಅದು ಬೇಡ. ಬೈಕಿನ ಕರೆಂಟೆಲ್ಲ ಆಂಪಿಯರ್ ಮೀಟರಿನ ಮೂಲಕವೇ ಹರಿಯಬೇಕು. ಅದಕ್ಕೆ ದಪ್ಪ ವೈರ್ ಬೇಕು, ಅದರ ಒಂದು ನಟ್ ಸಡಿಲವಾದರೂ ಬೈಕ್ ಪೂರ್ತಿ ಆಫ್. ವೋಲ್ಟ್ ಮೀಟರ್ ಹಾಗಲ್ಲ. ಪ್ಲಸ್‌ಗೊಂದು, ಅರ್ತ್‌ಗೊಂದು ಸಣ್ಣ ವೈರ್ ಸಾಕು. ಅದು ಕೆಟ್ಟರೆ ಮೀಟರ್ ಮಾತ್ರ ನಿಲ್ಲುತ್ತದೆ, ಬೈಕ್ ನಿಲ್ಲುವುದಿಲ್ಲ. ಆರ್‌ಪಿಎಂ ಮೀಟರ್, ಆಯಿಲ್ ಟೆಂಪರೇಚರ್ ಮೀಟರ್ ಎಲ್ಲವೂ ಚೆನ್ನಾಗಿಯೇ ಇರುತ್ತವೆ, ನೋಡಲು ಅಂದವೂ ಹೌದು. ಆದರೆ ಮೊದಲು ಹಾಕಬೇಕಾದದ್ದು ವೋಲ್ಟ್ ಮೀಟರ್. ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಅಕ್ಕನ ಮಗ ಒಂದು ಭಾನುವಾರ ಅಂಥದ್ದೇ ಮೀಟರ್ ಹಿಡಿದುಕೊಂಡು ಬಂದ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತಗೊಂಡಿದ್ದನಂತೆ. ಜೊತೆಗೊಂದು ಮಲ್ಟಿಮೀಟರ್, ಫ್ಯೂಸ್ ಹೋಲ್ಡರ್, ಹೀಟ್ ಶ್ರಿಂಕ್ ಸ್ಲೀವ್.

"ಮಾಮ, ಮೆಕ್ಯಾನಿಕ್ ಹತ್ರ ಕೊಟ್ರೆ ಅರ್ಧ ಗಂಟೇಲಿ ಹಾಕ್ಕೊಡ್ತಾರಲ್ಲ, ನಾವ್ಯಾಕೆ ಕೂತ್ಕೋಬೇಕು?" ಎಂದ.

"ಹಾಕ್ಕೊಡ್ತಾರೆ ಕಣೋ. ಆದ್ರೆ ಆಗುಂಬೆ ಘಾಟಿಯಲ್ಲಿ, ಮಳೆಯಲ್ಲಿ, ಮೀಟರ್ ಇದ್ದಕ್ಕಿದ್ದಂಗೆ ಆರಿಹೋದ್ರೆ ಯಾವ ವೈರ್ ಎಲ್ಲಿಂದ ಬಂದಿದೆ ಅಂತ ನಿಂಗೆ ಗೊತ್ತಿರ್ಬೇಕಲ್ಲ" ಎಂದೆ.

ಮೆಕ್ಯಾನಿಕ್‌ಗಳ ಬಗ್ಗೆ ನನಗೆ ಅಪಾರ ಗೌರವ. ನಮ್ಮೂರಿನ ಹಳೆಯ ಮೆಕ್ಯಾನಿಕ್ ಒಬ್ಬರು ಬೈಕ್ ಓಡಿಸಿಕೊಂಡು ಬಂದ ಕೂಡಲೇ ರೆಗ್ಯುಲೇಟರ್-ರೆಕ್ಟಿಫೈಯರಿನ ಹತ್ತಿರ ಅಂಗೈ ಹಿಡಿದು, ಅದರ ಬಿಸಿಯಲ್ಲೇ ಚಾರ್ಜಿಂಗ್ ಸರಿ ಇದೆಯೋ ಇಲ್ಲವೋ ಅಂದಾಜು ಹೇಳುತ್ತಾರೆ. ಹೆಚ್ಚಾದ ಕರೆಂಟನ್ನು ಶಾಖವಾಗಿ ಕಳೆಯುವುದು ಅದರ ಕೆಲಸವಾದ್ದರಿಂದ ಅದು ಬಿಸಿಯಾಗಿಯೇ ಇರಬೇಕು. ಅಂಥ ಅಂಗೈ ನಮಗಿಲ್ಲ, ಅದಕ್ಕೇ ಮೀಟರ್ ಬೇಕು. ಮೀಟರ್ ಏನು ಹೇಳುತ್ತಿದೆ ಎಂದು ತಿಳಿಯಬೇಕಾದರೆ ಅದನ್ನು ಎಲ್ಲಿಗೆ ಜೋಡಿಸಿದೆ ಎಂದು ತಿಳಿದಿರಬೇಕು. ಕೈಯಾರೆ ಕೆಲಸ ಕಲಿತರೆ ಏನು ಲಾಭ ಎಂಬುದಕ್ಕೆ ಹಳೆಯ ಬೈಕುಗಳೇ ಸಾಕ್ಷಿ. ಮೈಸೂರಿನಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ಡಿ ತಯಾರಿಸಿದ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆ ಬೈಕುಗಳು ಇವತ್ತಿಗೂ ಓಡುತ್ತಿವೆ. ಮಾಲೀಕರು ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ತಾವೇ ಬಿಚ್ಚಿ ಜೋಡಿಸುವುದನ್ನು ಕಲಿತದ್ದು ಅದಕ್ಕೊಂದು ದೊಡ್ಡ ಕಾರಣ.

ಕೆಲಸಕ್ಕೆ ಕೂತೆವು. ಸೀಟ್ ತೆಗೆದು, ಬ್ಯಾಟರಿಯ ಮೈನಸ್ ವೈರನ್ನು ಮೊದಲು ಬಿಚ್ಚಬೇಕು. ಮತ್ತೆ ಹಾಕುವಾಗ ಅದನ್ನು ಕೊನೆಗೆ ಹಾಕಬೇಕು. ಬೈಕಿನ ಚಾಸಿಯೆಲ್ಲ ಮೈನಸ್ಸೇ. ಮೈನಸ್ ಜೋಡಿಸಿರುವಾಗಲೇ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಚಾಸಿಗೆ ತಾಗಿದರೆ ಅಲ್ಲೇ ಕಿಡಿ ಹಾರುತ್ತದೆ. ಹತ್ತಿರವೇ ಪೆಟ್ರೋಲ್ ಟ್ಯಾಂಕ್ ಇದೆ ಎಂಬುದು ಈ ಕೆಲಸ ಪೂರ್ತಿ ನೆನಪಿರಬೇಕು.

ಪ್ಲಸ್ ಲೈನನ್ನು ಎಲ್ಲಿಂದ ತೆಗೆದುಕೊಳ್ಳುವುದು ಎನ್ನುವಲ್ಲೇ ಹೆಚ್ಚಿನವರು ಎಡವುತ್ತಾರೆ. ನೇರ ಬ್ಯಾಟರಿಯಿಂದ ತೆಗೆದುಕೊಂಡರೆ ಮೀಟರ್ ರಾತ್ರಿಯೂ ಉರಿಯುತ್ತಲೇ ಇರುತ್ತದೆ. 20 ಮಿಲಿಆಂಪಿಯರ್ ಎಳೆಯುವ ಮೀಟರ್ ದಿನಕ್ಕೆ ಸುಮಾರು ಅರ್ಧ ಆಂಪಿಯರ್ ಅವರ್ ಕುಡಿಯುತ್ತದೆ. ಸಣ್ಣ ಬೈಕಿನ 5 ಆಂಪಿಯರ್ ಅವರ್ ಬ್ಯಾಟರಿ, ಗಾಡಿ ತೆಗೆಯದೆ ಹತ್ತು ದಿನ ಬಿಟ್ಟರೆ, ಖಾಲಿ. ಬ್ಯಾಟರಿ ಉಳಿಸಲು ಹಾಕಿದ ಮೀಟರೇ ಬ್ಯಾಟರಿಯನ್ನು ತಿಂದುಹಾಕಬಾರದು. ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ಲೈನ್ ಹುಡುಕಬೇಕು.

ಹೆಡ್‌ಲೈಟಿನ ವೈರ್ ಕೈಗೆ ಸಿಗುವಂತಿರುತ್ತದೆ, ಅದಕ್ಕೇ ಜೋಡಿಸೋಣ ಎನ್ನಿಸುತ್ತದೆ. ಹಳೆಯ ಕಮ್ಯೂಟರ್ ಬೈಕುಗಳಲ್ಲಿ ಅದು ದೊಡ್ಡ ತಪ್ಪಾಗುತ್ತದೆ. ನಿಂತಾಗ ಹೆಡ್‌ಲೈಟ್ ಮಂಕಾಗಿ, ಆಕ್ಸಿಲರೇಟರ್ ಕೊಟ್ಟಂತೆಲ್ಲ ಪ್ರಖರವಾಗುತ್ತಿದ್ದುದು ನಿಮಗೆ ನೆನಪಿರಬಹುದು. ಆ ಬೈಕುಗಳ ಹೆಡ್‌ಲೈಟಿಗೆ ಬ್ಯಾಟರಿಯ ಸಂಬಂಧವೇ ಇರಲಿಲ್ಲ. ಮ್ಯಾಗ್ನೆಟ್ ಕಾಯಿಲಿನಿಂದ ಎ.ಸಿ. ಕರೆಂಟ್ ನೇರ ಬಲ್ಬಿಗೆ ಹೋಗುತ್ತಿತ್ತು. ಡಿ.ಸಿ. ವೋಲ್ಟ್ ಮೀಟರನ್ನು ಆ ವೈರಿಗೆ ಕೊಟ್ಟರೆ ಸುಳ್ಳು ತೋರಿಸುತ್ತದೆ ಅಥವಾ ಸುಟ್ಟುಹೋಗುತ್ತದೆ. ನಾವು ಆರಿಸಿಕೊಂಡದ್ದು ಮುಂದಿನ ಬ್ರೇಕ್ ಲಿವರಿನ ಸ್ವಿಚ್ಚಿಗೆ ಬರುವ ವೈರ್. ಬ್ರೇಕ್ ಲೈಟಿಗೆ ಬ್ಯಾಟರಿಯ ಕರೆಂಟೇ ಬೇಕು, ಕೀ ಆನ್ ಆದಾಗಲೇ ಅದು ಬರುತ್ತದೆ. ಹ್ಯಾಂಡಲ್ ಹತ್ತಿರವೇ ಇರುವುದರಿಂದ ಉದ್ದ ವೈರ್ ಎಳೆಯುವ ತಾಪತ್ರಯವೂ ಇಲ್ಲ.

ಆದರೆ ವೈರಿನ ಬಣ್ಣವನ್ನು ಮಾತ್ರ ನಂಬಬಾರದು. ಹೋಂಡಾದಲ್ಲಿ ಅರ್ತ್ ಹಸಿರು, ಯಮಹಾದಲ್ಲಿ ಕಪ್ಪು. ಒಂದು ಬೈಕಿನಲ್ಲಿ ಕಲಿತದ್ದನ್ನು ಇನ್ನೊಂದರಲ್ಲಿ ಕಣ್ಣುಮುಚ್ಚಿ ಮಾಡಲು ಹೋದರೆ ಕೆಟ್ಟೆವು. ಸರಿಯಾದ ವೈರ್ ಹೌದೋ ಅಲ್ಲವೋ ಎಂದು ಪರೀಕ್ಷಿಸಲು ಬ್ಯಾಟರಿಯ ಮೈನಸ್ಸನ್ನು ಮತ್ತೆ ಜೋಡಿಸಿಕೊಂಡು, ಮಲ್ಟಿಮೀಟರನ್ನು ಡಿ.ಸಿ. 20ರಲ್ಲಿಟ್ಟು, ಕಪ್ಪು ಕಡ್ಡಿಯನ್ನು ಮೈನಸ್ಸಿಗೆ, ಕೆಂಪು ಕಡ್ಡಿಯನ್ನು ವೈರಿಗೆ ಹಿಡಿಯಬೇಕು. ಕೀ ಆನ್ ಮಾಡಿದರೆ 12ರ ಆಸುಪಾಸು, ಆಫ್ ಮಾಡಿದರೆ ಸೊನ್ನೆ. ಹುಡುಗ ಕೀಯನ್ನು ಆನ್ ಆಫ್ ಮಾಡುತ್ತ ಅಂಕಿ ಬಂದು ಹೋಗುವುದನ್ನು ನೋಡಿ ಖುಷಿಪಟ್ಟ. ಅಷ್ಟು ಹೊತ್ತಿಗೆ ಅವನಿಗೆ ವೈರಿಂಗಿನ ಭಯ ಹೋಗಿತ್ತು. ಪರೀಕ್ಷೆ ಮುಗಿಸಿ ಮೈನಸ್ಸನ್ನು ಮತ್ತೆ ಬಿಚ್ಚಿಟ್ಟೆವು.

ಜೋಡಿಸುವಾಗ ಕಂಪನಿಯ ವೈರನ್ನು ಕತ್ತರಿಸಕೂಡದು ಎಂಬುದು ನನ್ನ ಹಟ. ಸ್ವಿಚ್ಚಿನ ಕನೆಕ್ಟರಿನಲ್ಲೇ ಎರಡು ಕವಲಿನ ಪಿನ್ ಸೇರಿಸಿದರೆ ಸಾಕು. ನಾಳೆ ಮೀಟರ್ ಬೇಡವೆನಿಸಿದರೆ ಎಳೆದು ತೆಗೆಯಬಹುದು, ವಾರಂಟಿಯ ತಗಾದೆಯೂ ಕಡಿಮೆ. ಬೈಕ್ ಹೊಸದಾಗಿದ್ದರೆ ಶೋರೂಮಿನಲ್ಲಿ ಮೊದಲೇ ಒಂದು ಮಾತು ಕೇಳಿಕೊಳ್ಳಿ. ಬೆಸುಗೆ ಹಾಕಿದ ಕಡೆ ಇನ್ಸುಲೇಷನ್ ಟೇಪ್ ಸುತ್ತಿ ಬಿಟ್ಟರೆ ಇಂಜಿನ್ನಿನ ಶಾಖಕ್ಕೆ ಅಂಟು ಕರಗಿ ಟೇಪ್ ಬಿಚ್ಚಿಕೊಳ್ಳುತ್ತದೆ, ಆ ಸಂದಿಯಲ್ಲಿ ಮಳೆನೀರು ಇಳಿದು ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಹೀಟ್ ಶ್ರಿಂಕ್ ಸ್ಲೀವ್ ಹಾಕಬೇಕು. ವೈರಿಗೆ ಬೆಸುಗೆ ಹಾಕುವ ಮೊದಲೇ ಸ್ಲೀವ್ ತೂರಿಸಿಕೊಳ್ಳಬೇಕು, ಆಮೇಲೆ ತೂರಿಸಲು ಆಗುವುದಿಲ್ಲ.

ಫ್ಯೂಸ್ ಬಗ್ಗೆ ಒಂದಿಷ್ಟು ಒತ್ತಿ ಹೇಳಬೇಕು. ಬೈಕಿನಲ್ಲಿ ಈಗಾಗಲೇ ಫ್ಯೂಸ್ ಇದೆಯಲ್ಲ ಎನ್ನುತ್ತಾರೆ. ಅದು 10 ಅಥವಾ 15 ಆಂಪಿಯರಿನದು, ಇಡೀ ಬೈಕಿನ ವೈರಿಂಗಿಗೆ ಲೆಕ್ಕ ಹಾಕಿ ಇಟ್ಟದ್ದು. ಮೀಟರಿನ ತೆಳು ವೈರ್ ಎಲ್ಲೋ ಉಜ್ಜಿ ಚಾಸಿಗೆ ತಾಗಿತೆನ್ನಿ. ಆ ದೊಡ್ಡ ಫ್ಯೂಸ್ ಹೋಗುವ ಮೊದಲು ತೆಳು ವೈರೇ ಕಾದು ಕರಗಬಹುದು. ಆದ್ದರಿಂದ ಮೀಟರಿನ ಲೈನಿಗೆ ಅದರದೇ 1 ಆಂಪಿಯರ್ ಫ್ಯೂಸ್ ಇರಲೇಬೇಕು. ಅದೂ ಕವಲೊಡೆದ ಜಾಗಕ್ಕೆ ಆದಷ್ಟು ಹತ್ತಿರ. ಕೆಲವೇ ರೂಪಾಯಿಯ ಈ ವಸ್ತುವನ್ನು ಬಿಟ್ಟು ಮೀಟರ್ ಹಾಕುವುದಾದರೆ ಹಾಕದಿರುವುದೇ ಮೇಲು.

ಮಿಕ್ಕ ಕೆಲಸ ಹೆಚ್ಚಿನದೇನಲ್ಲ. ಸಾಮಾನ್ಯವಾಗಿ 22 ಮಿಲಿಮೀಟರ್ ಇರುವ ಹ್ಯಾಂಡಲ್ ಪೈಪಿಗೆ ಕ್ಲ್ಯಾಂಪ್ ಕೂರಿಸಿ, ನಡುವೆ ರಬ್ಬರ್ ತುಂಡು ಕೊಟ್ಟರೆ ಇಂಜಿನ್ನಿನ ನಡುಕ ಮೀಟರಿಗೆ ಅಷ್ಟಾಗಿ ತಟ್ಟುವುದಿಲ್ಲ. ಸ್ಪೀಡೋಮೀಟರ್ ಮರೆಯಾಗದಂತೆ ನೋಡಿಕೊಳ್ಳಬೇಕು. ವೈರ್ ಕಟ್ಟಿದ ಮೇಲೆ ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ನೋಡಿ. ಎಲ್ಲಿಯೂ ಬಿಗಿಯಬಾರದು, ಕ್ಲಚ್ ಕೇಬಲಿಗೆ ಸಿಕ್ಕಬಾರದು.

ಕಾನೂನಿನ ಭಯ ಕೆಲವರಿಗಿರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುವುದು ಆರ್‌ಸಿಯಲ್ಲಿ ನಮೂದಾದ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂಥ ಮಾರ್ಪಾಡನ್ನು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ವೋಲ್ಟ್ ಮೀಟರಿನಿಂದ ಆರ್‌ಸಿಯ ಯಾವ ವಿವರವೂ ಬದಲಾಗುವುದಿಲ್ಲ. ಓಡೋಮೀಟರ್ ಬಿಚ್ಚಿ ಕಿಲೋಮೀಟರ್ ತಿದ್ದುವುದು ಬೇರೆಯೇ ವಿಷಯ, ಅದು ಮೋಸ.

ಮೀಟರ್ ಹಾಕಿದ ದಿನವೇ ಅದನ್ನು ಓದಲು ಕಲಿಯಬೇಕು. 12 ವೋಲ್ಟಿನ ಬ್ಯಾಟರಿ ಎನ್ನುತ್ತೇವೆ, ಒಳಗೆ ಆರು ಕೋಣೆಗಳಿವೆ, ಒಂದೊಂದರಲ್ಲೂ ಸುಮಾರು 2.1 ವೋಲ್ಟ್. ಸೀಸದ ತಗಡು, ಗಂಧಕಾಮ್ಲದ ಈ ಏರ್ಪಾಡನ್ನು ಫ್ರಾನ್ಸಿನ ಗಾಸ್ತೋನ್ ಪ್ಲಾಂತೆ 1859ರಲ್ಲಿ ಕಂಡುಹಿಡಿದ. ಇವತ್ತಿನ ಬಹುತೇಕ ಬೈಕುಗಳ ಸೀಟಿನಡಿ ಇರುವುದೂ ಮೂಲದಲ್ಲಿ ಅದೇ. ರಾತ್ರಿಯೆಲ್ಲ ನಿಂತ ಬೈಕಿನ ಬ್ಯಾಟರಿ 12.6ರಿಂದ 12.8 ತೋರಿಸಿದರೆ ತುಂಬಿದೆ. 12.2 ಎಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗಿಳಿಸಿ ಹಾಗೇ ಬಿಟ್ಟರೆ ತಗಡಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಚಾರ್ಜ್ ಮಾಡಿದರೂ ಮೊದಲಿನ ಶಕ್ತಿ ಬರುವುದಿಲ್ಲ. ಬಟನ್ ಒತ್ತಿದಾಗ ಅಂಕಿ ಥಟ್ಟನೆ ಕುಸಿಯುವುದು ಸಹಜ. 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿಗೆ ವಯಸ್ಸಾಗಿದೆ. ಇಂಜಿನ್ ಓಡುವಾಗ 13.8ರಿಂದ 14.5ರ ಒಳಗೆ ಇರಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಒಳಗೊಳಗೇ ಕುದಿಯುತ್ತಿದೆ.

ಇವು ಪುಸ್ತಕದ ಅಂಕಿಗಳು. ನಿಮ್ಮ ಬೈಕಿನ ಅಂಕಿ ಇವುಗಳ ಆಸುಪಾಸಿನಲ್ಲಿ ತನ್ನದೇ ಒಂದು ಜಾಗ ಹಿಡಿದಿರುತ್ತದೆ. ಬ್ರೇಕ್ ಸ್ವಿಚ್ಚಿನ ತನಕ ಬರುವಷ್ಟರಲ್ಲಿ ಹಾದಿಯ ವೈರು, ಸ್ವಿಚ್ಚುಗಳಲ್ಲಿ ಒಂದಿಷ್ಟು ವೋಲ್ಟ್ ಕಳೆದುಹೋಗಿರುತ್ತದೆ. ನಮ್ಮಲ್ಲಿ ಬ್ಯಾಟರಿಯ ಬುಡದಲ್ಲಿ 14.3 ಇದ್ದಾಗ ಮೀಟರ್ 14ನ್ನೇ ತೋರಿಸುತ್ತಿತ್ತು. ಅದು ಮೀಟರಿನ ದೋಷವಲ್ಲ. ಆ ವ್ಯತ್ಯಾಸವನ್ನು ಮೊದಲ ದಿನವೇ ಅಳೆದು ಒಂದು ಚೀಟಿಯಲ್ಲಿ ಬರೆದು ಸೀಟಿನಡಿ ಅಂಟಿಸಬೇಕು. ಕೀ ಆನ್ ಮಾಡಿದಾಗ ಎಷ್ಟು, ನಿಂತಲ್ಲಿ ಓಡುವಾಗ ಎಷ್ಟು, 4,000 ಆರ್‌ಪಿಎಂನಲ್ಲಿ ಎಷ್ಟು ಎಂದು ಹುಡುಗ ಅವತ್ತೇ ಬರೆದಿಟ್ಟ. ಆರೋಗ್ಯವಾಗಿದ್ದಾಗಿನ ಅಂಕಿ ಗೊತ್ತಿಲ್ಲದಿದ್ದರೆ ಕೆಡುತ್ತಿರುವಾಗಿನ ಅಂಕಿಯಿಂದ ಏನೂ ತಿಳಿಯುವುದಿಲ್ಲ.

ಆ ಚೀಟಿ ಮಳೆಗಾಲದ ಆರಂಭದಲ್ಲಿ ಉಪಯೋಗಕ್ಕೆ ಬಂತು. ಅವನು ಫೋನ್ ಮಾಡಿ, "ಮಾಮ, ಓಡ್ಸೋವಾಗ 14 ಬರ್ತಿದ್ದ ಮೀಟರು ಈಗ 13 ದಾಟ್ತಾ ಇಲ್ಲ, ಬೈಕೇನೋ ಸರಿಯಾಗೇ ಓಡ್ತಿದೆ" ಎಂದ. ಬೈಕ್ ಸ್ಟಾರ್ಟ್ ಆಗುತ್ತಿತ್ತು, ಲೈಟ್ ಉರಿಯುತ್ತಿತ್ತು, ಯಾವ ಕೆಂಪು ದೀಪವೂ ಹತ್ತಿರಲಿಲ್ಲ. ರೆಕ್ಟಿಫೈಯರಿಗೆ ಹೋಗುವ ಮೂರು ಹಳದಿ ವೈರುಗಳ ಕಪ್ಲರ್ ಬಿಚ್ಚಿ ನೋಡು ಎಂದೆ. ಒಂದು ಪಿನ್ ಸಡಿಲವಾಗಿ, ಕಾದು, ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಅವನು ಕಪ್ಲರನ್ನು ಮೆಕ್ಯಾನಿಕ್ ಹತ್ತಿರ ಬದಲಾಯಿಸಿಕೊಂಡ. ಹಾಗೇ ಓಡಿಸಿದ್ದರೆ ಕಪ್ಲರ್ ಪೂರ್ತಿ ಕರಗುತ್ತಿತ್ತು, ಕಾಯಿಲೂ ಸುಡಬಹುದಿತ್ತು, ಬ್ಯಾಟರಿ ಖಾಲಿಯಾಗಿ ಬೈಕ್ ಎಲ್ಲಿ ನಿಲ್ಲುತ್ತಿತ್ತೋ ಗೊತ್ತಿಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ತಿರುವುಗಳಲ್ಲಿ, ಸಿಗ್ನಲ್ ಇಲ್ಲದ ಫೋನ್ ಹಿಡಿದುಕೊಂಡು ನಿಲ್ಲುವ ಪಾಡು ಯಾರಿಗೂ ಬೇಡ.

ಮಳೆ ಹಿಡಿಯುವ ಮೊದಲು ನಿಮ್ಮ ಬೈಕಿನ ಸೀಟ್ ಒಮ್ಮೆ ತೆಗೆಯಿರಿ. ಮೀಟರ್ ಹಾಕುವುದು ನಿಧಾನಕ್ಕಾದರೂ ಆಗಲಿ. ಬೆಳಿಗ್ಗೆ ಕೀ ಹಾಕುವ ಮುನ್ನ ಬ್ಯಾಟರಿಯ ಎರಡು ತುದಿಗೆ ಮಲ್ಟಿಮೀಟರ್ ಹಿಡಿದು ನೋಡಿ. ಅಂಕಿ 12.4ಕ್ಕಿಂತ ಕಡಿಮೆ ಇದ್ದರೆ ಚಾರ್ಜಿಗೆ ಹಾಕಿಸಿ. ಚಾರ್ಜ್ ಮಾಡಿದ ಮೇಲೂ ಕೆಲವೇ ದಿನದಲ್ಲಿ ಅಲ್ಲಿಗೇ ಇಳಿದರೆ, ಬ್ಯಾಟರಿ ಬದಲಾಯಿಸುವ ಮೊದಲು ಚಾರ್ಜಿಂಗ್ ಲೈನನ್ನು ಪರೀಕ್ಷೆ ಮಾಡಿಸಿ. ಮನೆಯಲ್ಲಿ ಬೈಕ್ ಓಡಿಸುವ ಮಕ್ಕಳಿದ್ದರೆ ಮಲ್ಟಿಮೀಟರನ್ನು ಅವರ ಕೈಗೇ ಕೊಡಿ.